ಒಂದೇ ಬಸ್ಸು, ನಾಲ್ಕು ಗಡಿಯಾರ: ಓಟದ ಕ್ಲಬ್ಬಿನ ರೇಸ್ ಪ್ರವಾಸ

ಗುರುವಾರ

ಬಸ್ಸು ಒಂದೇ, ಅದರಲ್ಲಿ ಕೂತವರ ರೇಸು ಮಾತ್ರ ಒಂದಲ್ಲ. ಶನಿವಾರ ಮಧ್ಯಾಹ್ನ ಹುಲ್ಲು, ಕೆಸರಿನ ಹಾದಿಯಲ್ಲಿ 8 ಕಿ.ಮೀ. ಕ್ರಾಸ್ ಕಂಟ್ರಿ ಟೀಮ್ ರೇಸ್. ಭಾನುವಾರ ಬೆಳಿಗ್ಗೆ 5:30ಕ್ಕೆ 42 ಕಿ.ಮೀ. ಚಿಲ್ಲರೆಯ ಫುಲ್ ಮ್ಯಾರಥಾನ್, 6:30ಕ್ಕೆ ಅದರ ಅರ್ಧ ದೂರದ ಹಾಫ್, 7:30ಕ್ಕೆ 10 ಕಿ.ಮೀ.ನ 10ಕೆ. ಕ್ಲಬ್ಬೊಂದು ಇಂಥ ವಾರಾಂತ್ಯಕ್ಕೆ ಹೊರಟಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಕಾಲಲ್ಲಿ ಕಸುವಿಲ್ಲದೆ ಆಗುವಂಥವಲ್ಲ. ಎಲ್ಲರನ್ನೂ ಒಂದೇ ವೇಳಾಪಟ್ಟಿಗೆ ಕಟ್ಟಿಹಾಕಿದ್ದರಿಂದ ಆಗುವಂಥವು. ಒಟ್ಟಿಗೆ ಊಟ, ಒಟ್ಟಿಗೆ ವಾರ್ಮ್‌ಅಪ್, ಒಟ್ಟಿಗೆ ಸುತ್ತಾಟ ಎಂದು ಹೊರಟರೆ ಯಾರದೋ ಒಬ್ಬರ ರೇಸು ಅಲ್ಲೇ ಕೆಟ್ಟಿತು.

ಹಾಗಾಗಿ ಬಸ್ಸು ಹತ್ತುವ ಮುಂಚೆಯೇ ಟೀಮ್ ಮ್ಯಾನೇಜರ್ ಕೈಯಲ್ಲಿ ನಾಲ್ಕು ಹಾಳೆ ಸಿದ್ಧವಾಗಿರಬೇಕು. ಪ್ರತಿ ಹಾಳೆಯಲ್ಲೂ ಓಟ ಶುರುಮಾಡುವ ಗನ್ ಹಾರುವ ಗಳಿಗೆಯಿಂದ ಹಿಂದಕ್ಕೆ ಲೆಕ್ಕ: ಸ್ಟಾರ್ಟ್ ಲೈನಿಗೆ ಎಷ್ಟೊತ್ತಿಗೆ, ಬ್ಯಾಗ್ ಕೌಂಟರ್ ಮುಚ್ಚುವುದು ಎಷ್ಟೊತ್ತಿಗೆ, ತಿಂಡಿ ಎಷ್ಟೊತ್ತಿಗೆ, ಏಳುವುದು ಎಷ್ಟೊತ್ತಿಗೆ. ಮುಂದಕ್ಕೆ ಲೆಕ್ಕ ಹಾಕಿದವರು ಯಾವಾಗಲೂ ಅರ್ಧ ಗಂಟೆ ತಡವಾಗುತ್ತಾರೆ. ಶೌಚಾಲಯದ ಸಾಲನ್ನು ಅವರು ಎಣಿಸಿರುವುದಿಲ್ಲ.

ಡಿಕ್ಕಿಗೆ ಹೋಗುವ ಬ್ಯಾಗಿನಲ್ಲಿ ಏನು ಬೇಕಾದರೂ ಇರಲಿ. ಓಡುವ ಶೂ, ಕ್ಲಬ್ಬಿನ ಬನಿಯನ್ನು, ಚಡ್ಡಿ, ಸಾಕ್ಸ್, ವಾಚು, ಅದರ ಚಾರ್ಜರ್, ಓಡುತ್ತಾ ನುಂಗುವ ಸಕ್ಕರೆಯ ಜೆಲ್ಲುಗಳು ಇವಿಷ್ಟು ಕಾಲ ಬಳಿಯ ಸಣ್ಣ ಚೀಲದಲ್ಲೇ ಇರಬೇಕು. ಕಳೆದರೆ ಹೋದ ಊರಲ್ಲಿ ಬೇರೆ ಕೊಳ್ಳಬಹುದು, ನಿಜ. ಆದರೆ ನಿನ್ನೆ ಕೊಂಡ ಶೂ ಹಾಕಿಕೊಂಡು 42 ಕಿ.ಮೀ. ಓಡಿದರೆ ಬೊಬ್ಬೆ ಏಳದೆ ಇರುವುದಿಲ್ಲ. ಅಡಿಯಲ್ಲಿ ಗಡಸು ತಗಡಿರುವ ಕಾರ್ಬನ್ ಪ್ಲೇಟ್ ಶೂ ಆದರಂತೂ ಮೀನಖಂಡಕ್ಕೆ ಅದರ ಅಭ್ಯಾಸ ಆಗಿರಲೇಬೇಕು. ಒಂದೆರಡು ಲಾಂಗ್ ರನ್‌ನಲ್ಲಿ ಹಾಕಿ ನೋಡದ ಜೋಡಿ ರೇಸಿಗೆ ಬೇಡ.

ದಾರಿಯಲ್ಲಿ ಒಂದೂವರೆ–ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ ಐದು–ಹತ್ತು ನಿಮಿಷ ನಡೆಯಬೇಕು. ಊರು ಮುಟ್ಟಿದ ಸಂಜೆ ಎಲ್ಲರಿಗೂ 20–25 ನಿಮಿಷದ ನಿಧಾನದ ಓಟ, ಕೊನೆಗೆ 80–100 ಮೀಟರಿನ ನಾಲ್ಕು ಸ್ಟ್ರೈಡ್ಸ್, ಅಂದರೆ ಚುರುಕಾದ ಸಣ್ಣ ಓಟ. ಇಡೀ ಪ್ರವಾಸದಲ್ಲಿ ನಾಲ್ಕೂ ಗುಂಪು ಕೂಡಿ ಮಾಡಬಹುದಾದ ಓಟ ಇದೊಂದೇ. ಎರಡು ವಾರದಿಂದ ಟೇಪರ್ ಮಾಡಿ, ಅಂದರೆ ಅಭ್ಯಾಸದ ದೂರವನ್ನು ಅರ್ಧದಷ್ಟು ಇಳಿಸಿದವರಿಗೆ ಈಗ ಮೈಯೆಲ್ಲ ಚಡಪಡಿಕೆ. ಮೊಣಕಾಲಿನಲ್ಲಿ ಇಲ್ಲದ ನೋವು ಕಾಣಿಸಿಕೊಳ್ಳುವುದೂ ಈ ದಿನಗಳಲ್ಲೇ. ಅದನ್ನು ಪರೀಕ್ಷಿಸಲೆಂದು ಜೋರಾಗಿ ಒಂದು ಕಿಲೋಮೀಟರ್ ಓಡಿ ನೋಡುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರ ಪಕ್ಕದಲ್ಲೇ ಕೋಚ್ ಓಡಬೇಕು.

ಗುರುವಾರ ಮತ್ತು ಶುಕ್ರವಾರದ ನಿದ್ದೆಯೇ ಮುಖ್ಯ. ರೇಸಿನ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ.

ಶುಕ್ರವಾರ

ಬೆಳಿಗ್ಗೆ ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಕಾಗದ, ತರುವ ಕೆಲಸ. ಬಿಬ್ ಕೊಡುವ ಜಾಗ ಸಾಮಾನ್ಯವಾಗಿ ಜಾತ್ರೆಯಂತೆಯೇ: ಶೂ ಮಳಿಗೆ, ಜೆಲ್ ಮಳಿಗೆ, ಫೋಟೊ ತೆಗೆಸಿಕೊಳ್ಳುವ ಗೋಡೆ. ಕಾಂಕ್ರೀಟಿನ ಮೇಲೆ ಮೂರು ಗಂಟೆ ಅಡ್ಡಾಡಿದರೆ ಕಾಲಿಗೆ ಅದೂ ದಣಿವೇ. ಫುಲ್ ಓಡುವವರು ಮುಕ್ಕಾಲು ಗಂಟೆಯಲ್ಲಿ ಹೊರಬೀಳಲಿ. 10ಕೆಯವರು ಬೇಕಿದ್ದರೆ ಇನ್ನಷ್ಟು ಸುತ್ತಲಿ.

ಬಿಬ್ ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮುಂಚೆ ನೋಡಬೇಕಾದ್ದು ಹೆಸರು, ದೂರ, ವಯೋವರ್ಗ, ಸ್ಟಾರ್ಟ್ ಗುಂಪು. ಹಿಂಬದಿಯಲ್ಲಿ ತುರ್ತು ಫೋನ್ ನಂಬರ್ ಮತ್ತು ಕಾಯಿಲೆ, ಅಲರ್ಜಿ ಬರೆಯುವ ಜಾಗವನ್ನು ಅಲ್ಲೇ ತುಂಬಬೇಕು. ಗಾಯಗೊಂಡ ಸದಸ್ಯರ ಬಿಬ್ ಹಾಕಿಕೊಂಡು ಇನ್ನೊಬ್ಬರು ಓಡುವ ಚಾಳಿ ಕ್ಲಬ್ಬುಗಳಲ್ಲಿ ಇದೆ. ಅದು ಸುಮ್ಮನೆ ನಿಯಮದ ಮಾತಲ್ಲ. ಮೂವತ್ತರ ಹುಡುಗ ಅರವತ್ತರ ಮಹಿಳೆಯ ಬಿಬ್ಬಿನಲ್ಲಿ ಓಡಿದರೆ ಆ ವಯೋವರ್ಗದ ನಿಜವಾದ ವಿಜೇತೆಗೆ ಪೋಡಿಯಂ ತಪ್ಪುತ್ತದೆ. ಹಾದಿಯಲ್ಲಿ ಕುಸಿದು ಬಿದ್ದರೆ ವೈದ್ಯರ ಕೈಗೆ ಸಿಗುವುದು ಬೇರೊಬ್ಬರ ವಿವರ.

ಬಿಬ್ಬಿನ ಬೆನ್ನಿಗೆ ಅಂಟಿರುವ ತೆಳ್ಳಗಿನ ಪಟ್ಟಿಯೇ ಓಟದ ಸಮಯ ದಾಖಲಿಸುವ ಚಿಪ್ಪು ಮತ್ತು ಅದರ ಆಂಟೆನಾ. ಬಿಬ್ಬನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದರೆ ಆಂಟೆನಾ ಮುರಿಯಬಹುದು, ಆಗ ಚಿಪ್ಪು ಓದುವ ಟೈಮಿಂಗ್ ಮ್ಯಾಟ್ ಮೇಲೆ ಎಷ್ಟು ಸಲ ಕಾಲಿಟ್ಟರೂ ದಾಖಲಾಗುವುದಿಲ್ಲ. ಬೆಲ್ಟಿನಲ್ಲಿ ಸೊಂಟದ ಹಿಂದಕ್ಕೆ ತಿರುಗಿಸಿಕೊಂಡರೂ, ಒದ್ದೆ ಜಾಕೆಟ್ಟಿನ ಒಳಗೆ ಮುಚ್ಚಿದರೂ ಇದೇ ಗತಿ. ಮೈಯಲ್ಲಿರುವ ನೀರು ಆ ರೇಡಿಯೊ ತರಂಗವನ್ನು ಹೀರಿಕೊಳ್ಳುತ್ತದೆ. ಪಿನ್ ಚುಚ್ಚುವುದನ್ನು ಈ ರಾತ್ರಿಯೇ ಮುಗಿಸಬೇಕು. ಬನಿಯನ್ನು ಮಂಚದ ಮೇಲೆ ಹಾಸಿ ಚುಚ್ಚಿದರೆ ಮೈಮೇಲೆ ಬಂದಾಗ ಬಟ್ಟೆ ಹಿಗ್ಗಿ ಬಿಬ್ಬು ಬಿಲ್ಲಿನಂತೆ ಬಾಗುತ್ತದೆ. ಬನಿಯನ್ನು ತೊಟ್ಟುಕೊಂಡೇ ಇನ್ನೊಬ್ಬರಿಂದ ಚುಚ್ಚಿಸಿಕೊಳ್ಳುವುದು ಮೇಲು. ನಾಲ್ಕು ಮೂಲೆಗೆ ನಾಲ್ಕು ಪಿನ್, ಒಂದೊಂದು ಪಿನ್ನೂ ಕಾಗದದಲ್ಲಿ ಒಳಹೋಗಿ ಮತ್ತೆ ಹೊರಬರುವಂತೆ. ಪಿನ್ನನ್ನು ರಂಧ್ರದಲ್ಲಿ ಒಂದೇ ಸಲ ಸಿಕ್ಕಿಸಿದರೆ ಕಾಗದ ಗಾಳಿಗೆ ಹರಿಯುತ್ತದೆ.

ಮಧ್ಯಾಹ್ನ ಫುಲ್ ಗುಂಪನ್ನು ವಾಹನದಲ್ಲಿ ಹಾದಿ ನೋಡಲು ಕರೆದೊಯ್ಯಬೇಕು. 42 ಕಿಲೋಮೀಟರ್ ಪೂರ್ತಿ ನೋಡುವುದರಿಂದ ಹೆದರಿಕೆ ಹೆಚ್ಚುತ್ತದಷ್ಟೆ. ಕೊನೆಯ 12 ಕಿ.ಮೀ. ನೋಡಿದರೆ ಸಾಕು: ಏರು ಎಲ್ಲಿ, ನೆರಳಿಲ್ಲದ ತುಂಡು ಎಲ್ಲಿ, ನೀರಿನ ಮೇಜು ರಸ್ತೆಯ ಯಾವ ಬದಿಗೆ. ತಿರುವುಗಳನ್ನೂ ಗಮನಿಸಬೇಕು. ಪ್ರಮಾಣೀಕೃತ ಹಾದಿಯನ್ನು ಜೋನ್ಸ್ ಕೌಂಟರ್ (ಚಕ್ರದ ಸುತ್ತು ಎಣಿಸುವ ಸಾಧನ) ಕಟ್ಟಿದ ಸೈಕಲ್ಲಿನಿಂದ, ತಿರುವಿನ ಅಂಚಿಗೆ 30 ಸೆಂ.ಮೀ. ಬಿಟ್ಟು, ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲಿ ಅಳೆದಿರುತ್ತಾರೆ. ಅಳತೆ ಕಮ್ಮಿ ಬೀಳದಿರಲೆಂದು ಶೇ. 0.1ರಷ್ಟು, ಅಂದರೆ ಮ್ಯಾರಥಾನಿಗೆ 42 ಮೀಟರ್, ಮೇಲೆ ಸೇರಿಸಿಯೂ ಇರುತ್ತಾರೆ. ಆ ಗೆರೆಯ ಮೇಲೇ ಓಡಲು ಗುಂಪಿನಲ್ಲಿ ಯಾರಿಗೂ ಆಗುವುದಿಲ್ಲ. ಹೊರಬದಿಯಲ್ಲಿ ತಿರುಗಿ, ನೀರಿಗೆಂದು ಅಡ್ಡ ಹೋಗಿ, ವಾಚಿನಲ್ಲಿ ಕೊನೆಗೆ 42.5 ಬರುತ್ತದೆ. ‘ದೂರ ಜಾಸ್ತಿ ಇಟ್ಟಿದ್ದಾರೆ’ ಎಂಬ ಸೋಮವಾರದ ದೂರು ಹುಟ್ಟುವುದು ಇಲ್ಲೇ. ಲೆಕ್ಕಕ್ಕೆ ಬೇಕಾದ್ದು ಇಷ್ಟು: ನಾಲ್ಕು ಗಂಟೆಯ ಮ್ಯಾರಥಾನಿಗೆ ಕಿಲೋಮೀಟರಿಗೆ 5:41, ಅಂದರೆ 5 ನಿಮಿಷ 41 ಸೆಕೆಂಡು. ವಾಚು ನಂಬಿ ಓಡುವವರು 5:38–5:39 ಇಟ್ಟುಕೊಳ್ಳಬೇಕು, ಇಲ್ಲವಾದರೆ 4 ಗಂಟೆ 1 ನಿಮಿಷ ಆಗಿ ಕೂರುತ್ತದೆ.

ಊಟದ ವಿಷಯದಲ್ಲಿ ನಾಲ್ಕು ಗಡಿಯಾರ ಇವತ್ತೇ ಬೇರೆಯಾಗುತ್ತವೆ. ಫುಲ್ ಓಡುವವರಿಗೆ ರೇಸಿನ ಮುಂಚಿನ 36–48 ಗಂಟೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 10–12 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 60 ಕಿಲೋ ತೂಗುವವರಿಗೆ ಕಮ್ಮಿಯೆಂದರೂ 600 ಗ್ರಾಂ. ಅದು ಬರೀ ಅನ್ನದಿಂದ ಬರಬೇಕೆಂದರೆ ಮುಕ್ಕಾಲು ಕಿಲೋ ಅಕ್ಕಿ, ಯಾವ ಹೊಟ್ಟೆಯೂ ಒಪ್ಪದ ಮಾತು. ಹಾಗಾಗಿ ಹಣ್ಣಿನ ರಸ, ಜೇನು, ಬ್ರೆಡ್ಡು, ಬಾಳೆಹಣ್ಣು ಎಂದು ಹಂಚಿಕೊಂಡು, ಎಣ್ಣೆ ಮತ್ತು ನಾರು ಇಳಿಸಬೇಕು. ತೂಕ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ: ಸ್ನಾಯುವಿನಲ್ಲಿ ಕೂಡುವ ಪ್ರತಿ ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟ ಕಾರ್ಬೋಹೈಡ್ರೇಟ್) ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಹಾಫ್‌ನವರಿಗೆ ಶನಿವಾರ ಒಂದು ದಿನ ಅನ್ನ, ಬ್ರೆಡ್ಡು ಹೆಚ್ಚಿಸಿದರೆ ಸಾಕು. 10ಕೆ ಮತ್ತು ಕ್ರಾಸ್ ಕಂಟ್ರಿಯವರು ದಿನದ ಊಟ ಮಾಡಲಿ. ಫುಲ್‌ನವರ ಜೊತೆ ಕೂತು ಅವರಷ್ಟೇ ತಿಂದವರು ಮರುದಿನ ಭಾರವಾದ ಹೊಟ್ಟೆ ಹೊತ್ತು ಓಡುತ್ತಾರೆ.

ಶನಿವಾರ

ಕ್ರಾಸ್ ಕಂಟ್ರಿ ನೋಡದವರಿಗೆ ಅದು ಹುಲ್ಲಿನ ಮೇಲಿನ ಓಟ. ನಿಜಕ್ಕೂ ಅದು ಅಂಕಗಣಿತ. ಆರು ಜನ ಓಡಿ ಮೊದಲ ನಾಲ್ವರ ಸ್ಥಾನ ಕೂಡುವ ಪದ್ಧತಿ ಎಂದುಕೊಳ್ಳಿ, ಕಡಿಮೆ ಮೊತ್ತದವರು ಗೆದ್ದಂತೆ. ಒಂದು ಕ್ಲಬ್ಬಿನವರು 1, 2, 20, 30ನೇ ಸ್ಥಾನ ಪಡೆದರೆ 53. ಇನ್ನೊಂದು ಕ್ಲಬ್ಬಿನವರು 3, 9, 14, 22 ಬಂದರೆ 48. ಮೊದಲೆರಡು ಪದಕ ಒಂದು ಕಡೆ, ಟೀಮ್ ಟ್ರೋಫಿ ಇನ್ನೊಂದು ಕಡೆ. ನಾಲ್ಕನೆಯವನೇ ತಂಡದ ಬೆನ್ನೆಲುಬು. ಲೆಕ್ಕಕ್ಕೇ ಬಾರದ ಐದು, ಆರನೆಯವರಿಗೂ ಕೆಲಸವಿದೆ: ಎದುರಾಳಿಯ ನಾಲ್ಕನೆಯವನಿಗಿಂತ ಮುಂದೆ ಬಂದರೆ ಅವನ ಸ್ಥಾನ ಒಂದೊಂದು ಹಿಂದಕ್ಕೆ ಸರಿದು ಅವರ ಮೊತ್ತ ಏರುತ್ತದೆ. ಸ್ಪರ್ಧೆಯಿಂದ ಸ್ಪರ್ಧೆಗೆ ಓಡುವವರ, ಎಣಿಸುವವರ ಸಂಖ್ಯೆ ಬದಲಾಗುವುದರಿಂದ ಬೆಳಿಗ್ಗೆಯೇ ನಿಯಮಪತ್ರ ಓದಬೇಕು, ತಂಡದಲ್ಲಿ ಓಡುವವರ ಹೆಸರು ತಿಳಿಸುವ ಟೀಮ್ ಡಿಕ್ಲರೇಷನ್ ಫಾರಂ ಗಡುವಿನೊಳಗೆ ಕೊಡಬೇಕು. ಎಲ್ಲರ ಮೈಮೇಲೂ ಒಂದೇ ಕ್ಲಬ್ ಬನಿಯನ್ನು ಇರಬೇಕು. ಒಬ್ಬರು ಬೇರೆ ಬಣ್ಣ ಹಾಕಿದರೂ ಅವರ ಸ್ಥಾನವನ್ನು ಟೀಮ್ ಲೆಕ್ಕದಿಂದ ಕೈಬಿಡುವ ಸ್ಪರ್ಧೆಗಳಿವೆ.

ಮುಳ್ಳಿನ ಶೂಗಳ ಸಿದ್ಧತೆ ಹಾದಿ ನಡೆದು ನೋಡಿದ ಮೇಲೆ. ಗಟ್ಟಿ ಒಣ ನೆಲಕ್ಕೆ 6 ಮಿ.ಮೀ., ಸಾಧಾರಣ ಹುಲ್ಲಿಗೆ 9, ಕೆಸರಿಗೆ 12 ಅಥವಾ 15. ಡಾಂಬರು ದಾಟುವ ತುಂಡೇನಾದರೂ ಇದ್ದರೆ ಉದ್ದದ ಮುಳ್ಳು ಜಾರುತ್ತದೆ. ಹಳೆಯ ಮುಳ್ಳು ಬಿಚ್ಚುವುದೇ ದೊಡ್ಡ ಕೆಲಸ. ಕಳೆದ ರೇಸಿನ ಕೆಸರು ಸುರುಳಿಯಲ್ಲಿ ಒಣಗಿ, ತುಕ್ಕು ಹಿಡಿದು, ಸ್ಪೈಕ್ ಕೀ ತಿರುಗಿಸಿದರೆ ಮುಳ್ಳಿನ ಅಂಚು ಸವೆದು ಕೀ ಜಾರುತ್ತದೆಯೇ ಹೊರತು ಮುಳ್ಳು ಅಲುಗುವುದಿಲ್ಲ. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಂದು ತೊಟ್ಟು ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದು, ಇಕ್ಕಳದಿಂದ ಹಿಡಿದು ತಿರುಗಿಸಿದರೆ ಬರುತ್ತದೆ. ಹೊಸದನ್ನು ಹಾಕುವಾಗ ಸುರುಳಿಗೆ ಚೂರು ವ್ಯಾಸಲೀನ್ ಸವರಿದರೆ ಮುಂದಿನ ಸಲ ಈ ಪಾಡಿರುವುದಿಲ್ಲ. ಕೈಯಿಂದ ಬಿಗಿಯಾದಷ್ಟು ತಿರುಗಿಸಿ, ಕೀಯಿಂದ ಇನ್ನೊಂದು ಕಾಲು ಸುತ್ತು. ಅದಕ್ಕಿಂತ ಹೆಚ್ಚು ಬಿಗಿದರೆ ಅಡಿಯ ಸುರುಳಿಯೇ ಕಿತ್ತುಬರುತ್ತದೆ. ಕೆಸರು ಶೂವನ್ನೇ ಎಳೆದುಕೊಳ್ಳುವ ನೆಲವಾದರೆ ಲೇಸಿಗೆ ಎರಡು ಗಂಟು, ಮೇಲೆ ಒಂದು ಸುತ್ತು ಟೇಪು.

ಸ್ಟಾರ್ಟಿನಲ್ಲಿ ಅಗಲವಿದ್ದ ಮೈದಾನ ಮುನ್ನೂರು–ನಾನೂರು ಮೀಟರಿನಲ್ಲಿ ಇಕ್ಕಟ್ಟಿನ ದಾರಿಯಾಗುತ್ತದೆ. ಅಲ್ಲಿಗೆ ಹಿಂದೆ ಬಿದ್ದು ತಲುಪಿದರೆ ಅರ್ಧ ನಿಮಿಷ ಸಿಕ್ಕಿಹಾಕಿಕೊಳ್ಳಬೇಕು, ಎದ್ದುಬಿದ್ದು ಓಡಿ ತಲುಪಿದರೆ ಮೊದಲ ಏರಿನಲ್ಲೇ ಏದುಸಿರು. ಕ್ಲಬ್ಬಿಗೆ ಕೊಟ್ಟ ಸ್ಟಾರ್ಟ್ ಖಾನೆಯಲ್ಲಿ ವೇಗದ ಇಬ್ಬರು ಮುಂದೆ, ಉಳಿದವರು ಅವರ ಬೆನ್ನಿಗೆ. ಇಲ್ಲಿ ವಾಚು ನೋಡಿ ಪ್ರಯೋಜನವಿಲ್ಲ, ಏರಿಗೊಂದು ಪೇಸು, ಕೆಸರಿಗೊಂದು ಪೇಸು. ಏರಿನ ತುದಿ ಮುಟ್ಟಿದ ಮೇಲಿನ ಇಪ್ಪತ್ತು ಹೆಜ್ಜೆಯಲ್ಲೇ ಹೆಚ್ಚು ಜನರನ್ನು ದಾಟಲು ಸಾಧ್ಯ, ಯಾಕೆಂದರೆ ಎಲ್ಲರೂ ಉಸಿರು ತೆಗೆದುಕೊಳ್ಳುವುದು ಅಲ್ಲೇ.

ಮುಗಿದ ಕೂಡಲೇ ಒಣಬಟ್ಟೆ, ಹತ್ತು ನಿಮಿಷ ಜಾಗ್, ಊಟ. ಈ ಆರು ಜನರೇ ನಾಳಿನ ಸಪೋರ್ಟ್ ತಂಡ, ಆದ್ದರಿಂದ ಅವರ ಸಂಭ್ರಮ ರಾತ್ರಿ ಒಂಬತ್ತಕ್ಕೆ ಮುಗಿಯಬೇಕು. ಫುಲ್‌ನವರ ರಾತ್ರಿಯೂಟ ಆರೂವರೆಗೇ ಆಗಿರುತ್ತದೆ.

ಭಾನುವಾರ

ಫುಲ್‌ನವರಿಗೆ ಬೆಳಗಿನ ಜಾವ ಎರಡೂವರೆಗೆ ಎಚ್ಚರ. ಗನ್‌ಗೆ ಮೂರು ಗಂಟೆ ಮುಂಚೆ ಮೈತೂಕದ ಕಿಲೋಗೆ 2 ಗ್ರಾಂ ಆಸುಪಾಸಿನ ಕಾರ್ಬೋಹೈಡ್ರೇಟ್, ರೂಢಿಯಿರುವ ತಿಂಡಿಯಿಂದ. ಬೇಕಿದ್ದವರು ತಿಂದು ಮತ್ತೆ ಅರ್ಧ ಗಂಟೆ ಒರಗಬಹುದು. ತೊಡೆಸಂದು, ಕಂಕುಳು, ಮೊಲೆತೊಟ್ಟು, ಹೆಂಗಸರಾದರೆ ಬ್ರಾ ಪಟ್ಟಿಯ ಕೆಳಗೆ ವ್ಯಾಸಲೀನ್. ಇದನ್ನು ಮರೆತವರಿಗೆ ಗೊತ್ತಾಗುವುದು ಸ್ನಾನದ ನೀರು ತಾಗಿದಾಗ. ಹಾಫ್‌ನವರನ್ನು ಮೂರೂವರೆಗೆ, 10ಕೆಯವರನ್ನು ನಾಲ್ಕೂಮುಕ್ಕಾಲಿಗೆ ಎಬ್ಬಿಸಿದರೆ ಸಾಕು. ಬಸ್ಸು ಎರಡು ಸಲ ಓಡಾಡಲಿ. 10ಕೆಯವರು ಫುಲ್‌ನವರ ಜೊತೆ ಬಂದು ಎರಡು ಮೂರು ಗಂಟೆ ಚಳಿಯಲ್ಲಿ ನಿಂತರೆ ಬಸ್ಸಿನ ಒಂದು ಟ್ರಿಪ್ ಉಳಿದೀತು, ರೇಸು ಉಳಿಯುವುದಿಲ್ಲ.

ವಾರ್ಮ್‌ಅಪ್ಪು ದೂರಕ್ಕೆ ವಿರುದ್ಧ ಲೆಕ್ಕ. 10ಕೆಗೆ 15 ನಿಮಿಷ ಜಾಗ್, ನಾಲ್ಕರಿಂದ ಆರು ಸ್ಟ್ರೈಡ್ಸ್, ಗನ್‌ಗೆ ಐದರಿಂದ ಹತ್ತು ನಿಮಿಷ ಮುಂಚೆ ಮುಗಿಯಬೇಕು. ಹಾಫ್‌ಗೆ ಏಳೆಂಟು ನಿಮಿಷ. ನಾಲ್ಕು ಗಂಟೆಯ ಫುಲ್‌ಗೆ ಐದು ನಿಮಿಷ ಚುರುಕಾಗಿ ನಡೆದರೆ ಸಾಕು, ಮೊದಲ ಎರಡು ಕಿಲೋಮೀಟರೇ ಅವರ ವಾರ್ಮ್‌ಅಪ್. ಗನ್ ಹಾರುವವರೆಗೆ ಮೈ ಬೆಚ್ಚಗಿರಲು ಹಳೆಯ ಟೀ ಶರ್ಟ್ ಹಾಕಿಕೊಂಡು, ಹೊರಡುವಾಗ ಬದಿಯ ಡಬ್ಬಿಗೆ ಹಾಕಬೇಕು. ದಾರಿಗೆಸೆದರೆ ಹಿಂದಿನವರ ಕಾಲಿಗೆ ತೊಡರುತ್ತದೆ.

ಗನ್ ಆದ ಮೇಲಿನ ಮೊದಲ ಐದು ಕಿಲೋಮೀಟರಿನಲ್ಲಿ ಮಾಡುವ ತಪ್ಪಿಗೆ ದಂಡ ಕೊನೆಯ ಹತ್ತರಲ್ಲಿ. ಟೇಪರಿನಿಂದ ಹಗುರಾದ ಕಾಲು, ಸುತ್ತಲ ಗದ್ದಲ, 5:41 ಅಂದುಕೊಂಡದ್ದು 5:20 ಆಗಿರುತ್ತದೆ, ಓಡುವವರಿಗೆ ಅದು ನಿಧಾನ ಅನ್ನಿಸುತ್ತಿರುತ್ತದೆ. 2023ರ ಶಿಕಾಗೊ ಮ್ಯಾರಥಾನಿನಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ 2:00:35ರ ವಿಶ್ವದಾಖಲೆ ಓಡಿದಾಗ ಮೊದಲ ಅರ್ಧ 60:48, ಎರಡನೆಯದು 59:47. ಹಿಂದಿನ ವರ್ಷ ಬರ್ಲಿನ್‌ನಲ್ಲಿ ಅದೇ ದೇಶದ ಎಲಿಯುಡ್ ಕಿಪ್ಚೋಗೆ ಮೊದಲ ಅರ್ಧ 59:51ರಲ್ಲಿ ಹೋಗಿ 2:01:09ಕ್ಕೆ ಮುಗಿಸಿದ್ದರು. ಎರಡನೇ ಅರ್ಧದಲ್ಲಿ ಸುಮಾರು ಒಂದೂವರೆ ನಿಮಿಷ ಹೆಚ್ಚು ಹೋಯಿತು. ಅಂಥವರಿಗೆ ಒಂದೂವರೆ ನಿಮಿಷವಾದರೆ ಕ್ಲಬ್ ಓಟಗಾರರಿಗೆ ಇಪ್ಪತ್ತು ನಿಮಿಷ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಜೆಲ್ಲು ಅರ್ಧ ಗಂಟೆಗೊಂದರಂತೆ, ಮೊದಲನೆಯದು ಅರ್ಧ ಗಂಟೆಗೇ. 25 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಏಳು ಜೆಲ್ಲಿನಿಂದ ನಾಲ್ಕು ಗಂಟೆಯ ಓಟಕ್ಕೆ ಗಂಟೆಗೆ 44 ಗ್ರಾಂ ಸಿಗುತ್ತದೆ. 60ಕ್ಕೆ ಏರಿಸಲು ನಡುನಡುವೆ ಸ್ಪೋರ್ಟ್ಸ್ ಡ್ರಿಂಕ್. ಆದರೆ ಜೆಲ್ಲನ್ನು ನುಂಗುವುದು ನೀರಿನ ಜೊತೆಗೇ, ಡ್ರಿಂಕಿನ ಜೊತೆ ನುಂಗಿದರೆ ಹೊಟ್ಟೆಯಲ್ಲಿ ಸಕ್ಕರೆ ವಿಪರೀತ ಗಟ್ಟಿಯಾಗಿ ಓಕರಿಕೆ. ಹಸಿವಾದಾಗ ತಿನ್ನೋಣ ಎನ್ನುವವರಿಗೆ 30ರ ಕಲ್ಲು ದಾಟುವಾಗ ಗ್ಲೈಕೋಜನ್ ಬರಿದು. ನೀರಿನ ಸ್ಟಾಲಿನಲ್ಲಿ ಮೊದಲ ಮೇಜಿಗೆ ಎಲ್ಲರೂ ಮುಗಿಬೀಳುತ್ತಾರೆ. ಕೊನೆಯ ಮೇಜು ಖಾಲಿ. ಲೋಟದ ಬಾಯಿ ಚಿವುಟಿ ಕೊಕ್ಕು ಮಾಡಿಕೊಂಡು ಹತ್ತು ಹೆಜ್ಜೆ ನಡೆಯುತ್ತಾ ಕುಡಿದರೆ ಹೋಗುವುದು ಐದಾರು ಸೆಕೆಂಡು.

ಹಾಗೆಂದು ಪ್ರತಿ ಸ್ಟಾಲಿನಲ್ಲೂ ಹೊಟ್ಟೆ ತುಂಬ ಕುಡಿಯುವುದು ಇನ್ನೂ ಅಪಾಯ, ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕುಸಿದಿತ್ತು. ಓಟದಲ್ಲಿ ತೂಕ ಏರಿದವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಅದು ಹೆಚ್ಚು. ಬಾಯಾರಿದಾಗ ಬಾಯಾರಿದಷ್ಟು, ಅಷ್ಟೆ.

ಸಪೋರ್ಟಿನವರು ನಿಲ್ಲುವ ಜಾಗ 30 ಮತ್ತು 36ರ ಕಲ್ಲಿನ ಬಳಿ. ಗನ್ 5:30ಕ್ಕೆ, ಜಂಗುಳಿಯಲ್ಲಿ ಲೈನ್ ದಾಟಲು 4 ನಿಮಿಷ, 30 ಕಿ.ಮೀ.ಗೆ 2 ಗಂಟೆ 51 ನಿಮಿಷ: 8:25ಕ್ಕೆ ಕಾಣಬೇಕು. ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಬೇಕು. ಸ್ಟಾಲಿನಾಚೆ ಏನನ್ನಾದರೂ ಕೊಟ್ಟರೆ ಅನರ್ಹಗೊಳಿಸುವ ರೇಸುಗಳಿರುವುದರಿಂದ ನಿಯಮ ನೋಡಿಯೇ ಕೈಚಾಚಬೇಕು. ‘ಇನ್ನೇನು ಬಂದೇಬಿಡ್ತು’ ಎಂದು 30ರಲ್ಲಿ ಕೂಗುವುದು ಬೇಡ, ಬಂದಿರುವುದಿಲ್ಲ. ‘ಭುಜ ಸಡಿಲ ಬಿಡಿ ಸರ್, ಮುಂದಿನ ಸ್ಟಾಲ್ ಎಡಗಡೆ’ ಎಂಬುದರಿಂದ ಉಪಯೋಗವಿದೆ. ಮಾತಾಡಿಸಿದರೆ ತೊದಲುವವರು, ತೂರಾಡುವವರು, ಬಿಸಿಲಲ್ಲಿ ಎಲ್ಲಿದ್ದೇನೆಂದೇ ತಿಳಿಯದವರು ಕಂಡರೆ ಓಟ ಅಲ್ಲಿಗೆ ನಿಲ್ಲಿಸಿ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು. ಶಾಖಾಘಾತದಲ್ಲಿ ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. ತಣ್ಣೀರಿನ ತೊಟ್ಟಿ ಇದ್ದರೆ ಅದೇ ಉತ್ತಮ, ಇಲ್ಲವಾದರೆ ಐಸು, ಒದ್ದೆ ಬಟ್ಟೆ, ಗಾಳಿ. ಹಣೆ, ಕಂಕುಳಿನ ಥರ್ಮಾಮೀಟರು ಇಂಥ ಹೊತ್ತಿನಲ್ಲಿ ಕಮ್ಮಿ ತೋರಿಸಿ ಮೋಸ ಮಾಡುತ್ತದೆ. ಗೆರೆ ದಾಟಿದ ಮೇಲೆ ತಲೆ ಸುತ್ತಿ ಕೂರುವುದು ಸಾಮಾನ್ಯವಾಗಿ ಬೇರೆ ವಿಷಯ: ಓಟ ಥಟ್ಟನೆ ನಿಂತು ರಕ್ತ ಕಾಲಲ್ಲಿ ಉಳಿದಿರುತ್ತದೆ, ಮಲಗಿಸಿ ಕಾಲು ಎತ್ತಿದರೆ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಗೆರೆಗಿಂತ ಮುಂಚೆ ಬಿದ್ದವರನ್ನು ಮಾತ್ರ ಎಂದೂ ಹಗುರಾಗಿ ನೋಡಬಾರದು.

ಅಂದಹಾಗೆ, ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಇರುವವರ ಚೀಲದಿಂದ ಐಬುಪ್ರೊಫೆನ್ ತೆಗೆದಿಡುವುದು ಮ್ಯಾನೇಜರ್ ಕೆಲಸವೇ. ನೀರು ಕಮ್ಮಿಯಾದ ಮೈಯಲ್ಲಿ ಅದು ಮೂತ್ರಪಿಂಡದ ಮೇಲೆ ಹೊರೆ.

ಸೋಮವಾರ

ಮೆಟ್ಟಿಲು ಇಳಿಯುವುದನ್ನು ನೋಡಿದರೆ ಯಾರು ಎಷ್ಟು ಓಡಿದರೆಂದು ಹೇಳಬಹುದು. ತೊಡೆಯ ನೋವು ಒಂದರಿಂದ ಮೂರನೇ ದಿನದೊಳಗೆ ತಾರಕಕ್ಕೇರುತ್ತದೆ, ಇಳಿಜಾರು ಹೆಚ್ಚಿದ್ದ ಹಾದಿಯಾದರೆ ಇನ್ನೂ ಜಾಸ್ತಿ. ಹಿಂದುಮುಂದಾಗಿ ಕಂಬಿ ಹಿಡಿದು ಇಳಿಯುವುದು ಸುಲಭ. ಬಸ್ಸಿನಲ್ಲಿ ಕಾಲು ಚಾಚುವ ಸೀಟು ಫುಲ್‌ನವರಿಗೆ, ಗುರುವಾರಕ್ಕಿಂತ ಹೆಚ್ಚು ನಿಲುಗಡೆ.

ದಾರಿಯಲ್ಲೇ ಫಲಿತಾಂಶದ ಹಾಳೆ ತುಂಬಬೇಕು: ಗನ್ ಟೈಮ್ (ಗನ್ ಹಾರಿದಾಗಿನಿಂದ), ನೆಟ್ ಟೈಮ್ (ಸ್ಟಾರ್ಟ್ ಲೈನ್ ದಾಟಿದಾಗಿನಿಂದ), 5 ಕಿ.ಮೀ.ಗೊಂದು ಸ್ಪ್ಲಿಟ್ (ಆ ತುಂಡಿನ ಸಮಯ), ಶೂ, ಹವೆ, ಎಷ್ಟು ಜೆಲ್, ಎಲ್ಲಿಂದ ಕಷ್ಟವಾಯಿತು. ವಾರ ಕಳೆದರೆ ಕೊನೆಯದು ಯಾರಿಗೂ ನೆನಪಿರುವುದಿಲ್ಲ. ಬಹುಮಾನ ಸಾಮಾನ್ಯವಾಗಿ ಗನ್ ಟೈಮಿಗೆ, ಪಿಬಿ (ಸ್ವಂತದ ಅತ್ಯುತ್ತಮ ಸಮಯ) ನೆಟ್ ಟೈಮಿಗೆ, ಎರಡನ್ನೂ ಬೆರೆಸಿ ಕ್ಲಬ್ ದಾಖಲೆ ಬರೆಯಬಾರದು. ಚಿಪ್ಪು ಓದದೆ ಹೆಸರೇ ಕಾಣೆಯಾಗಿದ್ದರೆ ಬಿಬ್ ನಂಬರ್, ವಾಚಿನ ಫೈಲು, ಫಿನಿಷ್ ಫೋಟೊ ಮೂರನ್ನೂ ಇವತ್ತೇ ಟೈಮಿಂಗಿನವರಿಗೆ ಕಳಿಸಬೇಕು. ಸ್ಥಾನದ ತಕರಾರಾದರೆ ಅದು ಮೈದಾನದಲ್ಲೇ, ಗಡುವಿನೊಳಗೆ, ಲಿಖಿತವಾಗಿ ಆಗಿರಬೇಕಿತ್ತು.

ಕ್ರಾಸ್ ಕಂಟ್ರಿಯವರು ಬುಧವಾರದಿಂದ ಮಾಮೂಲು. 10ಕೆಯವರು ಮೂರು–ನಾಲ್ಕು ದಿನ ನಿಧಾನ, ಹಾಫ್‌ನವರು ಒಂದು ವಾರ. ಫುಲ್‌ನವರಿಗೆ ಮೊದಲ ವಾರ ನಡಿಗೆ, ಎರಡನೇ ವಾರ ಮೆಲುವಾದ ಜಾಗ್, ಮೂರನೇ ವಾರದ ಕೊನೆಯವರೆಗೂ ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ಓಡುವ ಅಭ್ಯಾಸ) ಇಲ್ಲ. ಮಂಗಳವಾರದ ಟ್ರ್ಯಾಕ್ ಸೆಷನ್ನಿಗೆ ಬರಲೇಬೇಕೆಂದು ಹಟ ಹಿಡಿದರೆ ಅವರ ಕೈಗೆ ಸ್ಟಾಪ್‌ವಾಚ್ ಕೊಟ್ಟು ಗೆರೆಯ ಬಳಿ ನಿಲ್ಲಿಸಬಹುದು.